ನೊಗಕ್ಕೆ ಹೂಡಿದ ಇಂಗ್ಲಿಷು

ಬೈಲಹೊಂಗಲದ ಕನ್ನಡ ಸಾಲೆಗೆ ಅಂಟಿಸಿದ ಇಂಗ್ಲಿಷ್ ಕ್ಲಾಸಿಗೆ ನಾನು ಮಾಸ್ತರನಾಗಿ ಬಂದಾಗ ಈ ಇಪ್ಪತ್ತನೆಯ ಶತಮಾನ ಇನ್ನೂ ತೊಟ್ಟಿಲಲ್ಲಿತ್ತು. ‘ಅಂಟಿಸಿದ’ ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ. ಕನ್ನಡ ಸಾಲೆ ಕಲ್ಲಿನ ಕಟ್ಟಡ. ಅದಕ್ಕೆ ತೊಲೆಗಳಿದ್ದವು, ಗೋಡೆಯಲ್ಲಿ ಗೂಡುಗಳಿದ್ದವು, ಗೂಡುಗಳಲ್ಲಿ ಪಾರಿವಾಳಗಳಿದ್ದವು. ಇಂಗ್ಲಿಷ್ ಕ್ಲಾಸು ಅದರ ಹಿಂದಿನ ಪಡಸಾಲೆಯಲ್ಲಿ, ಊರ ಹಿರಿಯರ ಕಮಿಟಿಯ ದಯೆಯಿಂದ, ಒಂದು ವರ್ಷದ ಮಟ್ಟಿಗೆ ಪರೀಕ್ಷಾರ್ಥವಾಗಿ ನಡೆಯುತ್ತಿತ್ತು. ವರ್ಷದ ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು ನೋಡಬೇಕು. ಅವರು ತಲೆಯಾಡಿಸಿದರೆ ಕ್ಲಾಸು ಉಳಿಯುತ್ತದೆ, ನಾನು ಕಾಯಂ ಆಗುತ್ತೇನೆ. ಆಡಿಸದಿದ್ದರೆ ಕ್ಲಾಸು ಮುಚ್ಚುತ್ತದೆ, ನಾನು ರಾಮದುರ್ಗಕ್ಕೆ ಹಿಂದಿರುಗಿ ಅಣ್ಣನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತೇನೆ. ಬೆಲ್ಲದ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಬೆಲ್ಲದ ಪೆಂಟಿಯ ಹಿಂದೆ ಯಾವಾಗಲೂ ಅಣ್ಣ ಕೂತಿರುತ್ತಿದ್ದ.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಹೆಂಡತಿ ಸವದತ್ತಿಯಲ್ಲಿ ತವರುಮನೆಯಲ್ಲಿದ್ದಳು. ಲಗ್ನವಾಗಿ ವರ್ಷಗಳೇ ಕಳೆದಿದ್ದವು. ಅವಳ ಓರಗೆಯ ಹೆಣ್ಣುಮಕ್ಕಳ ಮಕ್ಕಳು ಸಾಲೆಗೆ ಹೋಗುತ್ತಿದ್ದರು. ನಮ್ಮ ಸಂಸಾರ ಮಾತ್ರ ಇನ್ನೂ ಹೂಡಿರಲಿಲ್ಲ. ಮಾವನವರು ಹತ್ತಿಯ ವ್ಯಾಪಾರಿಗಳು, ಒಂದು ಮಾತಿನ ಮನುಷ್ಯ. ಆ ಒಂದು ಮಾತು ಇದು:

“ನೌಕರಿ ಕಾಯಂ ಆಗ್ಲಿ ಅಳಿಯಂದ್ರ, ಮಗಳನ್ನ ನಾನs ಗಾಡಿ ಹೂಡಿಸಿ ಕಳಸ್ತೇನಿ. ಇವತ್ತ ಇದ್ದು ನಾಳೆ ಇಲ್ಲದ ನೌಕರಿಗೆ ಹೆಣ್ಣುಮಗಳನ್ನ ಹೆಂಗ ಕಳಸಲ್ರಿ?”

ಅವಳ ಜೊತೆಗೆ ಕೊಡಬೇಕಾದ ತಾಮ್ರದ ಕೊಡ, ಹಿತ್ತಾಳೆಯ ಪಾತ್ರೆಗಳು, ಎಲ್ಲವನ್ನೂ ಒಂದು ದೊಡ್ಡ ಕಟ್ಟಿಗೆಯ ಪೆಟ್ಟಿಗೆಯಲ್ಲಿ ತುಂಬಿ ಬೀಗ ಹಾಕಿ ಪಡಸಾಲೆಯಲ್ಲಿಟ್ಟಿದ್ದರು. ನಾನು ಹೋದಾಗಲೆಲ್ಲ ಕಂಬಳಿ ಹಾಸಿ ಅದರ ಮೇಲೆಯೇ ನನ್ನನ್ನು ಕೂಡಿಸುತ್ತಿದ್ದರು. ನನ್ನ ಸಂಸಾರದ ಮೇಲೆ ನಾನೇ ಕೂತು, ಅವಲಕ್ಕಿ ತಿಂದು, ಎದ್ದು ಬರುತ್ತಿದ್ದೆ. ಹೆಂಡತಿ ಬಾಗಿಲ ಮರೆಯಿಂದ “ಯಾವಾಗ ಬರ್ತಾರಂತ ಆ ಸಾಹೇಬ?” ಎಂದು ಕೇಳುವಳು. “ಬರ್ತಾರ” ಎನ್ನುವೆ. ಸಾಹೇಬರ ಆಗಮನಕ್ಕಾಗಿ ಇಷ್ಟು ಭಕ್ತಿಯಿಂದ ಕಾದ ಹೆಣ್ಣುಮಗಳು ಇಡೀ ಮುಂಬಯಿ ಪ್ರಾಂತ್ಯದಲ್ಲಿ ಮತ್ತೊಬ್ಬಳಿರಲಾರಳು.

ಆ ವರ್ಷದ ಚಳಿಗಾಲಕ್ಕೆ ಸ್ವಲ್ಪ ಮೊದಲು ಬೈಲಹೊಂಗಲದ ಪೇಟೆಯಲ್ಲಿ ಇಲಿ ಬಿದ್ದವು. ಇಲಿ ಬಿದ್ದವೆಂದರೆ ಆಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಹಿಂದೆಯೇ ಪ್ಲೇಗು. ಜನ ಮನೆಗಳಿಗೆ ಬೀಗ ಹಾಕಿ, ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಸಾಲೆಯೂ ಹೊರಬಿತ್ತು. ಕಮಿಟಿಯ ಹಿರಿಯರೊಬ್ಬರ ಹೊಲದಲ್ಲಿ ಬೇವಿನ ಮರದ ಕೆಳಗೆ ಕನ್ನಡ ಕ್ಲಾಸು, ಕಣದ ಅಂಚಿನಲ್ಲಿ ಇಂಗ್ಲಿಷ್ ಕ್ಲಾಸು, ನಡುವೆ ದನಗಳ ಗೋದಲಿ. ಹೀಗೆ ಆಂಗ್ಲ ಭಾಷೆ ನಮ್ಮ ಸೀಮೆಯಲ್ಲಿ ಸಗಣಿಯ ವಾಸನೆಯೊಂದಿಗೆ ಬೇರೂರತೊಡಗಿತು.

ಬೇರೂರಿತೆಂದು ನಾನು ಹೇಳಿದೆನೇ ಹೊರತು, ಹುಡುಗರು ಹೇಳಲಿಲ್ಲ. ಹುಡುಗರು ಎನ್ನುವುದೂ ಸೌಜನ್ಯದ ಮಾತು. ಒಕ್ಕಲುತನದ ಮನೆಯವರು, ವ್ಯಾಪಾರಸ್ಥರ ಮಕ್ಕಳು, ಅರ್ಧಕ್ಕರ್ಧ ಜನಕ್ಕೆ ಮೀಸೆ ಬಂದಿತ್ತು. ಒಂದೊಂದೇ ಶಬ್ದ ಕೇಳಿದರೆ ಎಲ್ಲ ಕಂಠಪಾಠ. ಎರಡು ಶಬ್ದ ಕೂಡಿಸಿ ಎಂದರೆ ಕುಸ್ತಿ. ಕನ್ನಡದಲ್ಲಿ ಮನೆ ಕಟ್ಟುತ್ತೇವಲ್ಲ, ಅವರು ಇಂಗ್ಲಿಷಿನಲ್ಲಿಯೂ ಹಗ್ಗ ತಂದು ಮನೆಯನ್ನು ಕಟ್ಟಿಹಾಕುತ್ತಿದ್ದರು: ‘ಟೈ ದ ಹೌಸ್’. ಪೆಟ್ಟು ತಿಂದವನು ‘ಈಟ್ ಬೀಟಿಂಗ್’ ಮಾಡಿ ಬರುತ್ತಿದ್ದ. ದೊಡ್ಡ ಮಳೆ ‘ಬಿಗ್ ರೇನ್’ ಆಗಿ ಸುರಿಯುತ್ತಿತ್ತು. ತಪ್ಪು ಎಲ್ಲಿದೆ ಎಂದು ಕೇಳಿದರೆ ನನಗೂ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ಇಂಗ್ಲಿಷಿನವರ ಮಳೆ ಭಾರವಾಗಿರುತ್ತದೆ, ದೊಡ್ಡದಾಗಿರುವುದಿಲ್ಲ. ಯಾಕೆ? ಅವರ ಮಳೆ, ಅವರ ಮರ್ಜಿ. ‘ಹೆವಿ ರೇನ್’ ಎಂದು ಕೂಡಿಯೇ ಕಲಿಯಬೇಕು, ಬೇರೆ ದಾರಿಯಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಮರುದಿನ ಮತ್ತೆ ‘ಬಿಗ್ ರೇನ್’.

ಸಾಹೇಬರು ಕಿತ್ತೂರಿನ ಬಂಗಲೆಗೆ ಬರುವ ಸುದ್ದಿ ಹಬ್ಬಿತು. ನಾನು ಕಣದ ಕಲ್ಲಿನ ಮೇಲೆ ಕೂತು ಬಿರಿದ ಎರೆಭೂಮಿಯನ್ನು ನೋಡುತ್ತಿದ್ದೆ. ಆ ವರ್ಷ ಮಳೆ ಭಾರವೂ ಆಗಿರಲಿಲ್ಲ, ದೊಡ್ಡದೂ ಆಗಿರಲಿಲ್ಲ. ಬಿರುಕಿನಲ್ಲಿ ಕೈ ಹೋಗುತ್ತಿತ್ತು. ಇಡೀ ಮನುಷ್ಯ ಹೋಗುವಂತಿದ್ದರೆ ಅನುಕೂಲವಾಗುತ್ತಿತ್ತು ಎಂದು ಒಂದೆರಡು ಸಲ ಮನಸ್ಸಿಗೆ ಬಂತು.

ಸಂಗೊಳ್ಳಿಯಿಂದ ಬರುತ್ತಿದ್ದ ಮೀಸೆಯ ಶಿಷ್ಯನೊಬ್ಬ ಆ ವಾರವೆಲ್ಲ ಕ್ಲಾಸಿಗೆ ಬಂದಿರಲಿಲ್ಲ. ಅಂದು ಬಂದ. ಎಲ್ಲಿಗೆ ಹೋಗಿದ್ದೆ ಎಂದು ಗದರಿಸಿದೆ.

“ಯರಗಟ್ಟಿ ಸಂತಿಗ್ರಿ ಮಾಸ್ತರ. ನಮ್ಮ ಎತ್ತಿನ ಜೋಡ್ಯಾಗ ಒಂದು ಸತ್ತೈತಿ. ಇನ್ನೊಂದಕ್ಕ ಜೋಡಿ ಹುಡಕಾಕ ಹತ್ತೇವಿ.”

“ಸಿಕ್ಕಿತೋ ಇಲ್ಲೋ?”

“ಎಲ್ಲಿದ್ರಿ. ಸಂತಿ ತುಂಬ ಎತ್ತು ನಿಂತಾವು. ಒಂದಕ್ಕಿಂತ ಒಂದು ಛಲೋ. ಖರೆ, ನಮ್ಮ ಎತ್ತಿನ ಸಂಗಾಟ ನಡಿಯೂದು ಬೇಕಲ್ರಿ? ಅದರ ಹೆಜ್ಜಿ ಬ್ಯಾರೆ, ಇದರ ಹೆಜ್ಜಿ ಬ್ಯಾರೆ. ನಮ್ಮದು ಎಡಕ್ಕ ಹೂಡೂ ಎತ್ತು, ಬಲಕ್ಕ ಹೂಡಿದ್ರ ನಿಂತಲ್ಲೇ ನಿಂತಬಿಡತೈತಿ.”

“ಯಾಕೆ ನಿಲ್ಲುತ್ತದೆ?”

“ಯಾಕಂದ್ರ? ಅದು ಹಂಗs ರಿ.”

ಅದು ಹಂಗೇ! ನಾನು ತಿಂಗಳುಗಟ್ಟಲೆ ತಡಕಾಡಿದ ವ್ಯಾಕರಣದ ಪರಮ ಸೂತ್ರ ಇದು. ಆ ಕ್ಷಣದಲ್ಲಿ ನನಗೆ ಜ್ಞಾನೋದಯವಾಯಿತು. ಬೋಧಿವೃಕ್ಷದ ಬದಲು ಬೇವಿನ ಮರವಿತ್ತೆಂಬುದನ್ನು ಮುಂದಾಗುವ ಅನಾಹುತದ ಸೂಚನೆಯೆಂದು ನಾನು ಆಗ ತಿಳಿಯಲಿಲ್ಲ.

ಕಣದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ನೊಗವನ್ನು ತರಿಸಿದೆ. ಇಬ್ಬರನ್ನು ಎಬ್ಬಿಸಿ ಅವರ ಹೆಗಲ ಮೇಲಿಟ್ಟೆ. “ನೀನು ಎಡದ ಎತ್ತು, ಹೆವಿ. ನೀನು ಬಲದ ಎತ್ತು, ರೇನ್. ನಡೆಯಿರಿ.” ಅವರು ‘ಹೆವಿ’, ‘ರೇನ್’ ಎಂದು ಒಬ್ಬರ ನಂತರ ಒಬ್ಬರು ಕೂಗುತ್ತ ಕಣ ಸುತ್ತಿದರು. ‘ಬಿಗ್’ ಎಂಬವನನ್ನು ‘ರೇನ್’ ಪಕ್ಕದಲ್ಲಿ ಹೂಡಿ ತೋರಿಸಿದೆ. ಅವನು ಬೇಕೆಂದೇ ಎಡವಿ ಬಿದ್ದ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ‘ಬಿಗ್ ರೇನ್’ ಬೈಲಹೊಂಗಲ ಸೀಮೆಯಲ್ಲಿ ಎಂದೂ ಸುರಿಯಲಿಲ್ಲ.

ಜೋಡಿಗಳನ್ನು ಎಲ್ಲಿಂದ ತರುವುದು? ನನ್ನ ಇಂಗ್ಲಿಷ್ ಬಹುಮಟ್ಟಿಗೆ ರಜೆಯ ಅರ್ಜಿಗಳಿಂದ ಬೆಳೆದದ್ದು. ಹೀಗಾಗಿ ನಾನು ಸಂತೆಗೆ ತಂದ ಎತ್ತುಗಳೆಲ್ಲ ಆ ಕೊಟ್ಟಿಗೆಯವೇ: ‘ಪೂರ್ ಹೆಲ್ತ್’, ‘ಹೈ ಫೀವರ್’, ‘ಸಡನ್ ಡೆತ್’, ‘ಅರ್ಜೆಂಟ್ ವರ್ಕ್’, ‘ಹಂಬಲ್ ರಿಕ್ವೆಸ್ಟ್’. ನಡುನಡುವೆ ಹವಾಮಾನಕ್ಕೆ ‘ಸ್ಟ್ರಾಂಗ್ ವಿಂಡ್’. ಮೀಸೆಯ ಶಿಷ್ಯ ಇಡೀ ದಂಡಿಗೆ ನಾಯಕನಾದ. ನಾನು ಎಡದ ಶಬ್ದ ಹೇಳುವುದರೊಳಗೆ ಬಲದ್ದು ಅವರ ಬಾಯಿಂದ ಬಂದುಬಿಡುತ್ತಿತ್ತು. ಬಲದ್ದು ಹೇಳಿದರೆ ಎಡದ್ದು. ಕಿತ್ತೂರು ಕಡೆಯವರಾದ ಹೆಡ್‌ಮಾಸ್ತರರು ನಶ್ಯ ಏರಿಸುತ್ತ ಬಂದು ನೋಡಿದರು.

“ಭಲೆ ಮಾಸ್ತರ! ಸಾಲಿ ಸಾಲೀನs ಹೂಡೀರಲ್ಲ. ಸಾಯಂಕಾಲ ನಮ್ಮ ಹೊಲಾನೂ ಒಂದೀಟ ಹರಗಿ ಕೊಡಾಕ ಹೇಳ್ರಿ.”

ನಕ್ಕರೂ ಅವರ ಮುಖದಲ್ಲಿ ಮೆಚ್ಚುಗೆಯಿತ್ತು. ನಾನು ಸವದತ್ತಿಗೆ ಹೇಳಿಕಳಿಸಿದೆ: ಪೆಟ್ಟಿಗೆಯ ಬೀಗಕ್ಕೆ ಎಣ್ಣೆ ಬಿಡಿರಿ.

ಸಾಹೇಬರು ಬರುವ ಹಿಂದಿನ ದಿನ ನನಗೆ ಒಂದು ಸಣ್ಣ ಭಯ ಹುಟ್ಟಿತು. ಕ್ಲಾಸಿಗೆ ಹೇಳಿದೆ: “ಹೆಲ್ತ್ ಯಾವಾಗಲೂ ಪೂರ್ ಇರುವುದಿಲ್ಲ. ಗುಡ್ ಹೆಲ್ತ್ ಎಂದೂ ಹೇಳಬಹುದು.”

ಮೀಸೆಯ ಶಿಷ್ಯ ಎದ್ದು ನಿಂತ.

“ಮಾಸ್ತರ, ಅದು ಹೆಂಗ್ರಿ? ಹೆಲ್ತಿಗೆ ಜೋಡಿ ಪೂರ್ ಅಂತ ನೀವs ಹೂಡೀರಿ.”

“ಹೂಡಿದ್ದೆ. ಈಗ ಗುಡ್ ಹೂಡುತ್ತೇನೆ.”

“ಕೂಡಿ ನಡದ ಜೋಡಿ ಮುರೀಬಾರದ್ರಿ. ನಮ್ಮ ಮನ್ಯಾಗ ಎತ್ತು ಮುದುಕ ಆದ್ರೂ ಜೋಡಿ ಬಿಡಸಂಗಿಲ್ಲ. ಬಿಡಿಸಿದ್ರ ಒಂದು ಉಳಿಯೂದಿಲ್ರಿ.”

ಕ್ಲಾಸೆಲ್ಲ “ಹೌದ್ರಿ, ಹೌದ್ರಿ” ಎಂದಿತು. ಒಕ್ಕಲಿಗರಲ್ಲದ ವ್ಯಾಪಾರಿಗಳ ಮಕ್ಕಳೂ ಎಂದರು. ಅವರ ಮುಖಗಳಲ್ಲಿ ನಿಜವಾದ ನೋವಿತ್ತು. ಗೋದಲಿಯ ಮುಂದೆ ನಿಂತು ನಾನು ಅವರ ಮನೆಯ ಎತ್ತುಗಳನ್ನೇ ಬೇರೆ ಮಾಡುತ್ತಿರುವ ಹಾಗೆ. ಬಲವಂತ ಮಾಡಿದರೆ ಕಲಿತದ್ದೂ ಕಲಸಿಹೋಗುತ್ತದೆಂದು ನನಗೆ ಅಂಜಿಕೆಯಾಯಿತು. ಹೆಡ್‌ಮಾಸ್ತರರೂ “ಇದ್ದಂಗ ಇರ್ಲಿ ಬಿಡ್ರಿ, ನಾಳೆ ಸಾಹೇಬ ಬರಾಂವ” ಎಂದರು. ಇದ್ದಂತೆಯೇ ಇತ್ತು.

ಸಾಹೇಬರು ಬೆಳಗಿನ ಹೊತ್ತು ಟಾಂಗಾದಲ್ಲಿ ಬಂದರು. ನಮ್ಮ ದೇಶದವರೇ, ಆದರೆ ಕೋಟು ಮತ್ತು ಇಂಗ್ಲಿಷು ಎರಡನ್ನೂ ಕಳಚದವರು. ಪ್ಲೇಗಿನ ಊರೆಂದು ಕರ್ಪೂರದ ಗಂಟನ್ನು ಕೊರಳಿಗೆ ಕಟ್ಟಿಕೊಂಡಿದ್ದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ವಿಚಾರಿಸಿ, ಅದಕ್ಕೆ ತಕ್ಕಂತೆ ಕುರ್ಚಿ ಹಾಕಿಸಿಕೊಂಡರು. ಕನ್ನಡ ಕ್ಲಾಸನ್ನು ನೋಡಿದ ಶಾಸ್ತ್ರ ಮುಗಿಸಿ ನಮ್ಮ ಕಡೆ ತಿರುಗಿದರು. ಸವದತ್ತಿಯ ಆ ಬಾಗಿಲ ಮರೆ ಕಣ್ಣ ಮುಂದೆ ಬಂತು.

ಈ ವರ್ಷ ಮಳೆ ಹೇಗೆ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

“ಹೆವಿ ರೇನ್!” ಇಡೀ ಕ್ಲಾಸು ಒಂದೇ ಕೊರಳಿನಲ್ಲಿ.

ಸಾಹೇಬರು ಕಾಲ ಬಳಿಯ ಬಿರುಕನ್ನು ನೋಡಿದರು, ಅದರೊಳಗೆ ಬೆತ್ತ ಇಳಿಸಿದರು. ಬೆತ್ತ ಅರ್ಧ ಹೋಯಿತು. ಆದರೂ ಮುಗುಳ್ನಕ್ಕರು, ಮಾತು ಶುದ್ಧವಾಗಿತ್ತಲ್ಲ. ಗಾಳಿಯ ಬಗ್ಗೆ ಕೇಳಿದರು.

“ಸ್ಟ್ರಾಂಗ್ ವಿಂಡ್!”

ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ. ಸಾಹೇಬರು ಮತ್ತೆ ನಕ್ಕರು. ‘ಉಚ್ಚಾರ ಚೆನ್ನಾಗಿದೆ’ ಎಂದು ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಹೇಳಿದರು. ಅಲ್ಲಿಗೇ ನಿಲ್ಲಿಸಿದ್ದರೆ ಅವರಿಗೂ ಪುಣ್ಯ ಬರುತ್ತಿತ್ತು, ನನಗೂ ಪೆಟ್ಟಿಗೆ ಬರುತ್ತಿತ್ತು. ಆದರೆ ಅವರು ಸ್ವಭಾವತಃ ಒಳ್ಳೆಯವರು. ಕಾಲ ಕೆಟ್ಟದ್ದು, ಹುಡುಗರು ಊರು ಬಿಟ್ಟು ಹೊಲದಲ್ಲಿದ್ದಾರೆ. ಅಂತಃಕರಣದಿಂದ ವಿಚಾರಿಸಿದರು: ನಿಮ್ಮೆಲ್ಲರ ಹೆಲ್ತ್ ಹೇಗಿದೆ?

“ಪೂರ್ ಹೆಲ್ತ್!”

ಸಾಹೇಬರ ಬೆತ್ತ ಬಿತ್ತು. ಎಲ್ಲರದೂ? ಎಂದರು. “ಎಸ್ ಸರ್!” ಎಂದರು ಎಲ್ಲರೂ, ಜೋಳದ ರೊಟ್ಟಿ ಉಂಡು ಬೆಳೆದ ಎದೆಗಳಿಂದ. ನಾನು ಮುಂದೆ ನುಗ್ಗುವಷ್ಟರಲ್ಲಿ ಸಾಹೇಬರು ಕರ್ಪೂರದ ಗಂಟನ್ನು ಮೂಗಿಗೆ ಒತ್ತಿಕೊಂಡು, ಏನಾಗಿದೆ, ಏನಾಗಿದೆ ಎಂದು ಹಿಂದೆ ಸರಿಯತೊಡಗಿದರು. ಸಾಹೇಬರು ಸಿಟ್ಟಾದರೆಂದು ತಿಳಿದ ಮೀಸೆಯ ಶಿಷ್ಯ, ನನ್ನನ್ನು ಉಳಿಸಬೇಕೆಂಬ ಏಕಮಾತ್ರ ಉದ್ದೇಶದಿಂದ, ತನ್ನಲ್ಲಿದ್ದ ಉತ್ತಮ ಜೋಡಿಗಳನ್ನೆಲ್ಲ ಸಾಲಾಗಿ ಹೊಡೆದುಕೊಂಡು ಬಂದ.

“ಹೈ ಫೀವರ್, ಸರ್! ಸಡನ್ ಡೆತ್, ಸರ್!”

ಟಾಂಗಾ ಅಷ್ಟು ವೇಗವಾಗಿ ಹೋದದ್ದನ್ನು ಆ ಕುದುರೆ ಕೂಡ ಮೊದಲು ಕಂಡಿರಲಿಕ್ಕಿಲ್ಲ. ನಾನು ಹಿಂದೆ ಓಡಿದೆ. “ಗುಡ್ ಹೆಲ್ತ್, ಸರ್! ಗುಡ್ ಹೆಲ್ತ್!” ಎಂದು ಕೂಗುತ್ತ, ಬೆವರು ಸುರಿಸುತ್ತ, ಧೋತರ ಕೈಯಲ್ಲಿ ಹಿಡಿದು ಓಡಿದೆ. ಪ್ಲೇಗಿನ ಊರಿನಲ್ಲಿ ಕೆಂಪು ಕಣ್ಣು ಮಾಡಿಕೊಂಡು ಬೆವೆತು ಬೆನ್ನಟ್ಟಿ ಬರುವ ಮನುಷ್ಯನನ್ನು ಕಂಡು ಸಾಹೇಬರ ಅನುಮಾನ ಪರಿಹಾರವಾಯಿತು. ನಾನು ಬಯಸಿದ ರೀತಿಯಲ್ಲಿ ಅಲ್ಲ.

ಹಿಂತಿರುಗಿ ಬಂದೆ. ಕ್ಲಾಸು ಇನ್ನೂ ಎದ್ದು ನಿಂತಿತ್ತು.

“ತಪ್ಪ ಹೇಳಿದ್ವೇನ್ರಿ ಮಾಸ್ತರ?” ಎಂದ ಮೀಸೆಯವನು. ಅವನ ಕಣ್ಣಲ್ಲಿ ನೀರಿತ್ತು.

“ಇಲ್ಲಪಾ. ಜೋಡಿ ಬರೋಬ್ಬರಿ ಇದ್ದವು” ಎಂದೆ.

ಮರುದಿನವೇ ಕಿತ್ತೂರಿನಿಂದ ಹುಕುಂ ಬಂತು. ನಮ್ಮ ಹೊಲದ ಗುಡಿಸಲುಗಳಿಗೆ ಕಾವಲು ಬಿತ್ತು. ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬಂದರೆ ತಿರುಗಿ ಹೋಗುವಂತಿಲ್ಲ. ಡಾಕ್ಟರರು ಬಂದು ಎಲ್ಲರ ಕಂಕುಳು ಒತ್ತಿ ನೋಡಿದರು. ಗಡ್ಡೆ ಸಿಗಲಿಲ್ಲ. ‘ಇನ್ನೂ ಎದ್ದಿಲ್ಲ’ ಎಂದು ಹೇಳಿ ಹೋದರು. ಇಂಥ ರೋಗದ ನೆಲೆಯಲ್ಲಿ ಇಂಗ್ಲಿಷ್ ಕ್ಲಾಸಿನ ಅಗತ್ಯವಿಲ್ಲವೆಂದು ಅದೇ ಹುಕುಮಿನ ಕೊನೆಯಲ್ಲಿತ್ತು. ಪೇಟೆಗೆ ಹೋಗಬೇಕಾದ ಹತ್ತಿ ಗುಡಿಸಲುಗಳ ಮುಂದೆ ರಾಶಿಯಾಗಿ ಉಳಿಯಿತು. ಅದರ ಮಾಲಕರು ನನ್ನನ್ನು ನೋಡುತ್ತಿದ್ದ ನೋಟದಲ್ಲಿ ಇಂಗ್ಲಿಷಿಗೆ ಅನುವಾದವಾಗದ ಜೋಡಿ ಶಬ್ದಗಳು ಬಹಳ ಇದ್ದವು.

“ನಮ್ಮ ಕನ್ನಡ ಕ್ಲಾಸಿನ್ಯಾಗ ಕೇಳಿದ್ರ ‘ಆರಾಮ ಅದೇವ್ರಿ’ ಅಂತಿದ್ರು. ಮುಗದಹೋಗ್ತಿತ್ತು,” ಎಂದರು ಹೆಡ್‌ಮಾಸ್ತರರು. ನಶ್ಯದ ಡಬ್ಬಿ ಬರಿದಾಗಿ ಅವರಿಗೂ ಬೇಸರವಾಗಿತ್ತು.

ನಾನು ಗುಡಿಸಲಿನಿಂದ ಹೊರಬೀಳುವುದನ್ನೇ ಬಿಟ್ಟೆ. ನಾಳೆ ಸವದತ್ತಿಗೆ ಯಾವ ಮುಖ ಹೊತ್ತು ಹೋಗುವುದು? ಹೋದರೂ ಆ ಪೆಟ್ಟಿಗೆಯ ಮೇಲೆ ಇನ್ನೆಷ್ಟು ವರ್ಷ ಕೂಡುವುದು? ಅಣ್ಣನ ಅಂಗಡಿಯಲ್ಲಿ ಬೆಲ್ಲ ತೂಗುವವನಿಗೆ ಮಾವನವರು ಮಗಳನ್ನು ಕಳಿಸುವುದಿಲ್ಲ. ಇದನ್ನು ಲೆಕ್ಕ ಹಾಕಲು ಇಂಗ್ಲಿಷು ಬೇಕಾಗಿರಲಿಲ್ಲ. ರೊಟ್ಟಿ ತಂದುಕೊಟ್ಟವರಿಗೆ ಬೇಡವೆಂದೆ. ಮಾಸ್ತರರು ಮಲಗಿಬಿಟ್ಟಿದ್ದಾರೆ, ಊಟ ಬಿಟ್ಟಿದ್ದಾರೆ ಎಂಬ ಮಾತು ಕಾವಲನ್ನು ದಾಟಿ, ಹತ್ತಿಯ ದಲಾಲರ ಬಾಯಿಗೆ ಬಿದ್ದು, ಸವದತ್ತಿಗೆ ತಲುಪುವಷ್ಟರಲ್ಲಿ ನನಗೆ ಗಡ್ಡೆ ಎದ್ದಿತ್ತು.

ಒಂದು ಮುಂಜಾನೆ ಹೊಲದ ಬದುವಿನ ಹತ್ತಿರ ಗದ್ದಲ ಕೇಳಿಸಿತು. ಊರ ಕಾವಲಿನ ವಾಲೀಕಾರ ಯಾರಿಗೋ ಹೇಳುತ್ತಿದ್ದ:

“ಒಳಗ ಹೋದ್ರ ಹೊರಗ ಬಿಡಂಗಿಲ್ಲ ತಂಗಿ. ಸರಕಾರದ ಹುಕುಂ ಐತಿ.”

“ಹೊರಗ ಬಿಡ್ರಿ ಅಂತ ನಾ ಯಾವಾಗ ಕೇಳೇನಿ? ಒಳಗ ಬಿಡ್ರಿ.”

ಆ ದನಿಯನ್ನು ನಾನು ಬಾಗಿಲ ಮರೆಯಿಂದಲ್ಲದೆ ಎಂದೂ ಕೇಳಿರಲಿಲ್ಲ. ಎದ್ದು ಹೊರಗೆ ಬಂದೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಶುಂಠಿ ಮೆಣಸಿನ ಗಂಟು, ಮೊಳಕಾಲತನಕ ಧೂಳು. ನನ್ನನ್ನು ತಲೆಯಿಂದ ಕಾಲವರೆಗೆ ನೋಡಿದಳು.

“ಆರಾಮ ಅದೀರಿ?”

“ಅದೀನಿ.”

“ಖರೇನ?”

“ಖರೇನ. ಡಾಕ್ಟರೂ ನೋಡ್ಯಾರ.”

“ಹಂಗಾರ ನಾ ಯಾಕ ಬಂದೆ?” ಎಂದವಳೇ ಗಂಟನ್ನು ನೆಲಕ್ಕೆ ಕುಕ್ಕಿ ಕೂತು ಅಳತೊಡಗಿದಳು. ಗಂಡ ಗಟ್ಟಿಮುಟ್ಟಾಗಿದ್ದಾನೆಂದು ಅತ್ತ ಹೆಂಡತಿಯ ಮುಂದೆ ಹೇಗೆ ನಿಲ್ಲಬೇಕೆಂದು ಯಾವ ಅರ್ಜಿಯಲ್ಲಿಯೂ ಬರೆದಿರಲಿಲ್ಲ. ನಿಂತೇ ಇದ್ದೆ.

ಅಪ್ಪ ಹೇಗೆ ಬಿಟ್ಟರೆಂದು ಆಮೇಲೆ ಕೇಳಿದೆ.

“ಬಿಡಲಿಲ್ಲ. ‘ಗಂಡಗ ಜಡ್ಡಾದ್ರ ನೋಡಾಕ ಹೋಗಾಕೂ ಕಾಯಂ ನೌಕರಿ ಬೇಕೇನಪಾ?’ ಅಂದೆ. ಸುಮ್ಮನ ಕುಂತ. ನಾ ಹತ್ತಿ ಗಾಡಿ ಹತ್ತಿ ಬಂದೆ.”

ನಡೆದದ್ದನ್ನೆಲ್ಲ ಹೇಳಿದೆ, ನೊಗ, ಎತ್ತು, ಸಾಹೇಬರ ಕರ್ಪೂರ. ಅವಳು ಗಂಭೀರವಾಗಿ ಕೇಳಿಸಿಕೊಂಡಳು.

“ಆ ಹೆಲ್ತಿಗೆ ಬ್ಯಾರೆ ಜೋಡಿನs ಇಲ್ಲೇನ್ರಿ?”

“ಐತಿ. ಅವರು ಒಪ್ಪಲಿಲ್ಲ.”

“ಹೆಂಗ ಒಪ್ಪತಾರ?” ಎಂದಳು. ಅವಳೂ ಆ ಸೀಮೆಯವಳೇ.

ಹೀಗೆ ನಮ್ಮ ಸಂಸಾರ ಕಾವಲಿನೊಳಗೆ ಶುರುವಾಯಿತು. ಮೂರು ಕಲ್ಲಿನ ಒಲೆ. ಪಾತ್ರೆಗಳು ಸವದತ್ತಿಯಲ್ಲಿ ಬೀಗದೊಳಗಿದ್ದುದರಿಂದ ಶಿಷ್ಯರ ಮನೆಗಳಿಂದ ಒಂದೊಂದು ಬಂದವು. ಮೀಸೆಯವನ ಅವ್ವ ಒಂದು ಗಡಿಗೆ ಕಳಿಸಿದಳು. ಅಲ್ಲಿದ್ದಷ್ಟು ದಿನವೂ ಯಾರಾದರೂ ಕೆಮ್ಮಿದರೆ ನಾನು ಹೆಂಡತಿಯ ಹಣೆ ಮುಟ್ಟಿ ನೋಡುತ್ತಿದ್ದೆ. ಅವಳನ್ನು ಈ ಬೇಲಿಯೊಳಕ್ಕೆ ಎಳೆದು ತಂದದ್ದು ನನ್ನ ಆ ಜೋಡಿ ಶಬ್ದವೇ. ಅವಳು ನಿದ್ದೆ ಹೋದಾಗಲೂ ಉಸಿರಾಡುತ್ತಾಳೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದೆ. ಪ್ಲೇಗು ಪಕ್ಕದ ಹೊಲದಲ್ಲಿ ಕೆಲವರನ್ನು ಒಯ್ದಿತು. ನಮ್ಮ ಹೊಲಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳಿದರೆ ಸಂಗೊಳ್ಳಿಯ ಆ ಶಿಷ್ಯನ ಉತ್ತರವನ್ನೇ ಹೇಳಬೇಕು: ಅದು ಹಂಗs ರಿ.

ಬೇಸಿಗೆಗೆ ಕಾವಲು ಎದ್ದಿತು. ಜನ ಊರು ಸೇರಿದರು, ಸಾಲೆ ಕಲ್ಲಿನ ಕಟ್ಟಡ ಸೇರಿತು, ಪಾರಿವಾಳಗಳು ಅಲ್ಲೇ ಇದ್ದವು. ಹಿಂದಿನ ಪಡಸಾಲೆಯಲ್ಲಿ ಹತ್ತಿಯ ಅಂಡಿಗೆ ಒಟ್ಟಿದ್ದರು. ಬಾಡಿಗೆಯ ಗಾಡಿ ಮಾಡಿಕೊಂಡು ನಾವು ರಾಮದುರ್ಗಕ್ಕೆ ಹೊರಟೆವು. ಶಿಷ್ಯರು ಬದುವಿನವರೆಗೆ ಬಂದರು. ಯಾರೂ ಇಂಗ್ಲಿಷ್ ಮಾತಾಡಲಿಲ್ಲ.

ದಾರಿಯಲ್ಲಿ ಸವದತ್ತಿ. ತಪ್ಪಿಸಿಕೊಂಡು ಹೋಗೋಣವೆಂದೆ, ಅವಳು ಕೇಳಲಿಲ್ಲ. ಮಾವನವರ ಮನೆಯ ಮುಂದೆ ಗಾಡಿ ನಿಂತಿತು. ನಾನು ಇಳಿದು ತಲೆ ತಗ್ಗಿಸಿ ನಿಂತೆ. ಅವರು ಹೊರಗೆ ಬಂದು ಮಗಳನ್ನು ನೋಡಿದರು, ಗಾಡಿಯಲ್ಲಿದ್ದ ಒಂದೇ ಗಡಿಗೆಯನ್ನು ನೋಡಿದರು.

“ಕ್ಲಾಸು?”

“ಮುಚ್ಚಿತ್ರಿ.”

“ಮುಂದ?”

“ರಾಮದುರ್ಗ. ಅಣ್ಣನ ಅಂಗಡಿ.”

ಅವರು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಾಗಿಲು ಹಾಕಿಕೊಳ್ಳುತ್ತಾರೆಂದು ನಾನು ಕಾಯುತ್ತ ನಿಂತಿದ್ದೆ. ಆಮೇಲೆ ಕಟ್ಟಿಗೆ ನೆಲಕ್ಕೆ ತಿಕ್ಕುವ ಸದ್ದು ಬಂತು. ಆಳಿನೊಡನೆ ಅವರೇ ಆ ಪೆಟ್ಟಿಗೆಯನ್ನು ಎಳೆದುಕೊಂಡು ಬಂದು, ನನ್ನ ಕೈ ಮುಟ್ಟಗೊಡದೆ, ಗಾಡಿಯಲ್ಲಿಟ್ಟು ಹಗ್ಗ ಬಿಗಿದರು. ಮಗಳ ಕಡೆ ನೋಡಲಿಲ್ಲ. ಮುಂದೆ ಬಂದು ಎತ್ತುಗಳ ಬೆನ್ನು ಸವರಿ, ಕೊಂಬು ನೋಡಿ, ವ್ಯಾಪಾರಿಯ ದನಿಯಲ್ಲಿ ಕೇಳಿದರು:

“ಜೋಡಿ ಛಲೋ ಐತಿ. ಎಲ್ಲಿ ತಗೊಂಡ್ರಿ ಅಳಿಯಂದ್ರ?”

“ಬಾಡಿಗಿ ಗಾಡಿರಿ,” ಎಂದೆ.